ಯಾರ್ಕ್‌ನಲ್ಲಿ ಮೂರು ರಾತ್ರಿ: ಬಿ ಅಂಡ್ ಬಿ ಆರಿಸುವ ಬಗೆ

ಇಂಗ್ಲೆಂಡಿನಲ್ಲಿ ಬಿ ಅಂಡ್ ಬಿ ಎಂದರೆ ಯಾರದೋ ಮನೆ. ಮನೆಯವರು ಒಂದು ಭಾಗದಲ್ಲಿ ತಾವಿದ್ದುಕೊಂಡು ಉಳಿದ ಕೋಣೆಗಳನ್ನು ರಾತ್ರಿಯ ಲೆಕ್ಕದಲ್ಲಿ ಕೊಡುತ್ತಾರೆ, ಬೆಳಿಗ್ಗೆ ಹೊಟ್ಟೆತುಂಬ ತಿಂಡಿ ಹಾಕುತ್ತಾರೆ. ವ್ಯವಹಾರ ಅಷ್ಟೇ. ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ ಉಳಿದವರಿಗೆ ಇದು ಅರ್ಧ ಪರಿಚಿತ ಅನ್ನಿಸುತ್ತದೆ. ಉಳಿದರ್ಧ ಬೇರೆ: ಇಲ್ಲಿ ರಾತ್ರಿ ಊಟವಿಲ್ಲ, ಕ್ಯಾಂಪ್‌ಫೈರ್ ಇಲ್ಲ, ತೋಟ ಸುತ್ತಿಸುವವರಿಲ್ಲ. ತಿಂಡಿ ಮುಗಿದ ಮೇಲೆ ನೀವು ಊರಿನ ಪಾಲು.

ಹೋಟೆಲ್ ಹುಡುಕುವಾಗ ನಾವು ಕೋಣೆ ನೋಡುತ್ತೇವೆ, ದರ ನೋಡುತ್ತೇವೆ, ದುಡ್ಡು ಕಟ್ಟುತ್ತೇವೆ. ಬಿ ಅಂಡ್ ಬಿಗೆ ಇಷ್ಟು ಸಾಲದು. ಆ ಮನೆ ಯಾವ ಬೀದಿಯಲ್ಲಿದೆ, ಎಷ್ಟು ಮೆಟ್ಟಿಲು ಹತ್ತಬೇಕು, ಮನೆಯವರು ಎಷ್ಟು ಹೊತ್ತಿಗೆ ಏನು ಮಾಡುತ್ತಾರೆ ಎಂಬುದೆಲ್ಲ ಕೋಣೆಯ ಜೊತೆಗೇ ಬರುತ್ತದೆ. ಬೆಲೆಯನ್ನು ಕೊನೆಗೆ ನೋಡಿ ಎಂದು ನಾನು ಹೇಳುವುದು ಅದಕ್ಕೇ.

ಹೆಸರಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ವಸತಿಗಳಿಗೆ ನಕ್ಷತ್ರ ಕೊಡುವ ಎಎ ಸಂಸ್ಥೆಯ ಲೆಕ್ಕದಲ್ಲಿ, ಮಾಲೀಕರೇ ನಡೆಸುವ, ಒಮ್ಮೆಗೆ ಆರು ಅತಿಥಿಗಳನ್ನು ಮೀರದ ಖಾಸಗಿ ಮನೆ ಬಿ ಅಂಡ್ ಬಿ. ಅದಕ್ಕಿಂತ ದೊಡ್ಡದು ಗೆಸ್ಟ್ ಹೌಸ್. ಬೀದಿಯಲ್ಲಿ ಈ ಗೆರೆಯನ್ನು ಯಾರೂ ಅಷ್ಟು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಎಷ್ಟು ಕೋಣೆಗಳಿವೆ ಎಂದು ನೋಡಿ, ಸ್ವಭಾವ ತಿಳಿಯುತ್ತದೆ. ಮೂರೇ ಕೋಣೆಯ ಮನೆಯಲ್ಲಿ ಮಾತುಕತೆ ಜಾಸ್ತಿ. ಹತ್ತು ಕೋಣೆಯ ಮನೆಯಲ್ಲಿ ನಿಮ್ಮ ಪಾಡಿಗೆ ನೀವಿರಬಹುದು.

ಉದಾಹರಣೆಗೆ ಯಾರ್ಕ್ ನಗರವನ್ನೇ ತೆಗೆದುಕೊಳ್ಳೋಣ. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಹಳೆಯ ಊರು ಕೋಟೆಗೋಡೆಯ ಒಳಗಿದೆ; ಗೋಡೆಯ ಸುತ್ತಳತೆ ಮೂರೂವರೆ ಕಿಲೋಮೀಟರಿಗಿಂತ ತುಸು ಕಡಿಮೆ. ಒಳಗೆ ಮಿನ್‌ಸ್ಟರ್ ಎಂಬ ದೊಡ್ಡ ಇಗರ್ಜಿ, ಶಾಂಬಲ್ಸ್ ಎಂಬ ಇಕ್ಕಟ್ಟು ಬೀದಿ, ಅಂಗಡಿಸಾಲುಗಳು. ಬಿ ಅಂಡ್ ಬಿಗಳು ಹೆಚ್ಚಾಗಿ ಇರುವುದು ಗೋಡೆಯ ಹೊರಗೆ, ವಿಕ್ಟೋರಿಯಾ ಕಾಲದಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಕಟ್ಟಿದ ಇಟ್ಟಿಗೆ ಮನೆಗಳ ಸಾಲುಗಳಲ್ಲಿ. ಅಂದು ದೊಡ್ಡ ಸಂಸಾರಕ್ಕೂ ಆಳುಕಾಳಿಗೂ ಸಾಕಾಗುತ್ತಿದ್ದ ಇಂಥ ಮನೆ ಇಂದಿನ ಗಂಡ, ಹೆಂಡತಿ, ಒಂದು ನಾಯಿಗೆ ವಿಪರೀತ ದೊಡ್ಡದು.

ಮೊದಲು ಬೀದಿ. ನಕ್ಷೆ ತೆರೆದು ರೈಲು ನಿಲ್ದಾಣ ಹುಡುಕಿ. ಅದು ಗೋಡೆಯ ಹೊರಗೆ, ಊಸ್ ನದಿಯ ಪಶ್ಚಿಮಕ್ಕಿದೆ. ನದಿಯ ಆಚೆ ದಡದಲ್ಲಿ, ಊರಿನ ವಾಯವ್ಯಕ್ಕೆ ಬೂಥಂ ರಸ್ತೆ, ಅದರ ಮುಂದುವರಿಕೆಯೇ ಕ್ಲಿಫ್ಟನ್. ಈ ಭಾಗದಲ್ಲಿ ಬಿ ಅಂಡ್ ಬಿಗಳು ತುಂಬ. ಬೂಥಂ ಬಾರ್ ಎಂಬ ಹಳೆಯ ಕೋಟೆಬಾಗಿಲು ದಾಟಿದರೆ ಮಿನ್‌ಸ್ಟರ್ ನಾಲ್ಕು ಹೆಜ್ಜೆ. ನಿಲ್ದಾಣದಿಂದ ಬರುವವರಿಗೆ ಸ್ಕಾರ್‌ಬರೋ ಸೇತುವೆ ಒಳದಾರಿ. ರೈಲ್ವೆ ಸೇತುವೆಗೆ ಅಂಟಿಕೊಂಡ ಕಾಲುದಾರಿಯನ್ನು 2019ರಲ್ಲಿ ಅಗಲ ಮಾಡಿ, ಇಳಿಜಾರು ಕೊಟ್ಟು ಹೊಸದಾಗಿ ಕಟ್ಟಿದ್ದಾರೆ. ಗಾಲಿಯ ಸೂಟ್‌ಕೇಸ್ ಎಳೆದುಕೊಂಡು ಬರಲು ಅಡ್ಡಿಯಿಲ್ಲ. ಕಾಲು ಗಂಟೆ ಸಾಕು.

ಬೂಥಂ ರಸ್ತೆಯೇ ಎ19 ಹೆದ್ದಾರಿ ಎಂಬುದು ಜಾಹೀರಾತಿನಲ್ಲಿ ಕಾಣುವುದಿಲ್ಲ. ರಸ್ತೆಗೇ ಮುಖಮಾಡಿದ ಕೋಣೆಗೆ ಬೆಳಿಗ್ಗೆ ಬಸ್ಸು, ಲಾರಿಗಳ ಸದ್ದು ತಪ್ಪದು. ಪಕ್ಕದ ಅಡ್ಡಬೀದಿಗಳು ಎಷ್ಟೋ ಶಾಂತ. ಅವುಗಳಲ್ಲೂ ಒಂದನ್ನು ಗಮನಿಸಿ: ಗ್ರೋವ್‌ನರ್ ಟೆರೇಸ್‌ನ ಪಕ್ಕದಲ್ಲೇ ಸ್ಕಾರ್‌ಬರೋ ರೈಲುಮಾರ್ಗ ಹಾದುಹೋಗುತ್ತದೆ. ರೈಲಿನ ಸದ್ದಿಗೆ ನಿದ್ದೆ ಕೆಡದವರಿಗೆ ಅದು ಒಳ್ಳೆಯ ಬೀದಿ. ಸಂದೇಹವಿದ್ದರೆ ಹಿಂಬದಿಯ ಕೋಣೆ ಕೇಳಿ. ಎಲ್ಲಿಗೆ ಹೋದರೂ ನಡೆಯುವ ಉಪಾಯ ಇದು.

ನಿಲ್ದಾಣದ ಕಡೆಯೇ ಇರಬೇಕೆಂದರೆ ಮಿಕಲ್‌ಗೇಟ್ ಬಾರ್‌ನ ಹೊರಗಿನ ಬ್ಲಾಸಮ್ ಸ್ಟ್ರೀಟ್, ದಿ ಮೌಂಟ್, ಹೋಲ್ಗೇಟ್ ನೋಡಿ. ತುಸು ದಕ್ಷಿಣಕ್ಕೆ ಬಿಷಪ್‌ಥಾರ್ಪ್ ರಸ್ತೆ: ಬೇಕರಿ, ಕಾಫಿ ಅಂಗಡಿ, ತರಕಾರಿ ಅಂಗಡಿ ಇರುವ ಸ್ಥಳೀಯರ ಬೀದಿ. ಪ್ರವಾಸಿಗರ ಗದ್ದಲ ಕಡಿಮೆ ಇರುವ ಇದೇ ನನಗೆ ಹೆಚ್ಚು ಇಷ್ಟ. ನದಿಯ ಅಂಚಿನ ಮನೆಗಳ ಫೋಟೋ ಚೆಂದವಾಗಿರುತ್ತದೆ, ಆದರೆ ಊಸ್ ಉಕ್ಕುವ ನದಿ. 2000ದ ನವೆಂಬರಿನಲ್ಲೂ 2015ರ ಡಿಸೆಂಬರಿನಲ್ಲೂ ಊರಿಗೆ ನೀರು ನುಗ್ಗಿತ್ತು. ಅಷ್ಟು ದೊಡ್ಡ ಪ್ರವಾಹ ಅಪರೂಪ. ದಡದ ಕಾಲುದಾರಿ ಮುಳುಗುವುದು ಚಳಿಗಾಲದಲ್ಲಿ ಮಾಮೂಲು. ಆ ತಿಂಗಳುಗಳಲ್ಲಿ ಹೋಗುವವರು ಮನೆಗೆ ಬೇರೆ ದಾರಿಯೂ ಇದೆಯೇ ಎಂದು ನೋಡಿಕೊಳ್ಳಲಿ.

ತಾರೀಕಿನ ವಿಷಯ. ಯಾರ್ಕ್‌ನ ನೇವ್ಸ್‌ಮೈರ್ ಬಯಲಿನಲ್ಲಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಕುದುರೆ ರೇಸು ನಡೆಯುತ್ತದೆ. ಆಗಸ್ಟಿನ ಈಬರ್ ಉತ್ಸವದ ವಾರ ಊರಿನಲ್ಲಿ ಕೋಣೆಯೇ ಸಿಗುವುದಿಲ್ಲ, ಸಿಕ್ಕರೆ ಬೆಲೆ ಕೇಳುವಂತಿಲ್ಲ. ನವೆಂಬರ್ ಮಧ್ಯದಿಂದ ಕ್ರಿಸ್‌ಮಸ್ ಸಂತೆ. ಜುಲೈನಲ್ಲಿ ವಿಶ್ವವಿದ್ಯಾಲಯದ ಘಟಿಕೋತ್ಸವ. ಮಗನ ಅಥವಾ ಮಗಳ ಪದವಿ ನೋಡಲು ಬೆಂಗಳೂರು, ಮೈಸೂರಿನಿಂದ ಹೊರಡುವ ತಂದೆತಾಯಿಯರು ತಾರೀಕು ಗೊತ್ತಾದ ದಿನವೇ ಕೋಣೆ ಹಿಡಿಯುವುದು ಲೇಸು. ಶನಿವಾರ ಒಂದೇ ರಾತ್ರಿಗೆ ಕೋಣೆ ಕೊಡಲು ಅನೇಕರು ಒಪ್ಪುವುದಿಲ್ಲ, ಕನಿಷ್ಠ ಎರಡು ರಾತ್ರಿ ಅನ್ನುತ್ತಾರೆ. ಭಾನುವಾರದಿಂದ ಗುರುವಾರದೊಳಗೆ ಹೋಗುವಂತಿದ್ದರೆ ಆಯ್ಕೆ ಹೆಚ್ಚು, ದರ ಕಡಿಮೆ.

ಇನ್ನು ಮನೆಯ ಒಳಗೆ. ಈ ಮನೆಗಳಿಗೆ ಲಿಫ್ಟ್ ಇರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಮೂರು ಅಂತಸ್ತು, ಮೇಲೊಂದು ಅಟ್ಟದ ಕೋಣೆ; ಮೆಟ್ಟಿಲು ಕಿರಿದು, ಕಡಿದು, ಮೇಲೆ ಕಾರ್ಪೆಟ್ ಬೇರೆ. ವಿಮಾನದವರು ಬಿಡುವ 23 ಕಿಲೋ ಪೆಟ್ಟಿಗೆಯನ್ನು ಅಲ್ಲಿಗೆ ಹೊರಬೇಕಾದವರು ನೀವೇ. ಅಟ್ಟದ ಕೋಣೆಗೆ ಇಳಿಜಾರು ಸೂರು. ಕಿಟಕಿಯಿಂದ ಮಿನ್‌ಸ್ಟರಿನ ಗೋಪುರ ಕಂಡರೂ ಕಾಣಬಹುದು, ಹಾಸಿಗೆಯಿಂದ ಏಳುವಾಗ ತಲೆ ತಗುಲಿದರೂ ತಗುಲಬಹುದು. ಮೊಣಕಾಲು ನೋವಿನವರು ಜೊತೆಗಿದ್ದರೆ ನೆಲಮಹಡಿಯ ಕೋಣೆ ಬೇಕೆಂದು ಮೊದಲೇ ಬರೆದು ಕೇಳಿ. ಅಂಥದ್ದು ಮನೆಗೆ ಒಂದಿದ್ದರೆ ಹೆಚ್ಚು.

ಹಾಸಿಗೆಯ ಅಳತೆಯನ್ನೂ ಕೇಳಿಕೊಳ್ಳಿ. ಡಬಲ್ ಎಂದರೆ ಅಲ್ಲಿ ನಾಲ್ಕೂವರೆ ಅಡಿ ಅಗಲ, ಕಿಂಗ್ ಎಂದರೆ ಐದು ಅಡಿ. ನಮ್ಮ ಮನೆಯ ಆರಡಿ ಮಂಚದಲ್ಲಿ ಮಲಗಿ ರೂಢಿಯಾದವರಿಗೆ ಡಬಲ್ ಇಕ್ಕಟ್ಟು. ಟ್ವಿನ್ ಎಂದರೆ ಬೇರೆಬೇರೆ ಎರಡು ಸಿಂಗಲ್ ಮಂಚ. ಅಮ್ಮ, ಮಗಳು ಅಥವಾ ಇಬ್ಬರು ಗೆಳೆಯರು ಹೋಗುವುದಾದರೆ ಅದು. ಮಕ್ಕಳಿದ್ದರೆ ವಯಸ್ಸು ತಿಳಿಸಲೇಬೇಕು. ಸಣ್ಣ ಮಕ್ಕಳನ್ನು ಸೇರಿಸದ ಮನೆಗಳು ಬೇಕಾದಷ್ಟಿವೆ, ಅದರಲ್ಲಿ ಮುಚ್ಚುಮರೆಯೂ ಇಲ್ಲ. ಫ್ಯಾನ್, ಎಸಿ ಇರುವುದಿಲ್ಲ, ಬೇಕಾಗುವುದೂ ಅಪರೂಪ. ಆದರೆ ಜೂನಿನಲ್ಲಿ ಯಾರ್ಕ್‌ನಲ್ಲಿ ಬೆಳಗಾಗುವುದು ನಾಲ್ಕೂವರೆಗೆ. ಪರದೆ ದಪ್ಪವೇ ಎಂದು ವಿಚಾರಿಸಿದರೆ ಯಾರೂ ನಗುವುದಿಲ್ಲ.

ಬಚ್ಚಲಿನ ವಿಷಯಕ್ಕೆ ತುಸು ನಿಲ್ಲೋಣ, ನಮ್ಮವರು ಕಷ್ಟಪಡುವುದು ಇಲ್ಲೇ. ಎನ್‌ಸ್ವೀಟ್ ಎಂದರೆ ಕೋಣೆಯೊಳಗೇ ಬಚ್ಚಲು. ಪ್ರೈವೇಟ್ ಬಾತ್‌ರೂಮ್ ಎಂದಿದ್ದರೆ ಬಚ್ಚಲು ನಿಮಗೊಬ್ಬರಿಗೇ, ಆದರೆ ಬಾಗಿಲು ದಾಟಿ ಹೊರಗೆ ನಡೆಯಬೇಕಾಗಬಹುದು. ಶೇರ್ಡ್ ಎಂದರೆ ಪಕ್ಕದ ಕೋಣೆಯವರ ಜೊತೆ ಸರದಿ. ಶವರ್ ಎಲ್ಲಿದೆ ಎಂದೂ ಫೋಟೋದಲ್ಲಿ ನೋಡಿ: ಎತ್ತರದ ಬಾತ್‌ಟಬ್ಬಿನ ಮೇಲಿದ್ದರೆ ಅದರ ಅಂಚು ದಾಟಿ ಕಾಲಿಡಬೇಕು, ವಯಸ್ಸಾದವರಿಗೆ ಅದು ಅಪಾಯ. ಬಕೆಟ್, ಮಗ್ಗು ಇರುವುದಿಲ್ಲ. ನೆಲಕ್ಕೆ ನೀರು ಹೋಗುವ ಕಿಂಡಿಯೂ ಇರುವುದಿಲ್ಲ. ಹೊರಗೆ ಚೆಲ್ಲಿದ ನೀರು ಕೆಳಗಿನ ಕೋಣೆಯ ಸೂರಿಗೆ ಇಳಿಯುತ್ತದೆ, ಆಮೇಲೆ ಮನೆಯೊಡತಿಯ ಮುಖ ನೋಡುವುದು ಕಷ್ಟ. ಪರದೆಯ ತುದಿ ಟಬ್ಬಿನ ಒಳಗಿರಲಿ. ಬಿಸಿನೀರು ಬರಲಿಲ್ಲವೆಂದು ದೂರುವ ಮೊದಲು ಸೂರಿನಿಂದ ತೂಗುವ ದಾರವೊಂದನ್ನು ಹುಡುಕಿ ಎಳೆಯಿರಿ. ವಿದ್ಯುತ್ ಶವರಿನ ಸ್ವಿಚ್ಚು ಹೆಚ್ಚಾಗಿ ಅದೇ. ದೀಪಕ್ಕೂ ಅಂಥದ್ದೇ ಇನ್ನೊಂದು ದಾರ ಇರಬಹುದು.

ಕೋಣೆಯಲ್ಲಿ ಕೆಟಲ್, ಟೀ ಚೀಲಗಳು, ಸಕ್ಕರೆ, ಪುಟ್ಟ ಹಾಲಿನ ಡಬ್ಬಿಗಳ ತಟ್ಟೆ ಇಟ್ಟಿರುತ್ತಾರೆ. ಬಿಸಿನೀರು ಸುರಿದರೆ ಆಗುವ ಉಪ್ಪಿಟ್ಟಿನ ಕಪ್ಪು ಒಯ್ದರೆ ರಾತ್ರಿಯ ಹಸಿವಿಗೆ ಆದೀತು. ಪುಟ್ಟ ಕುಕ್ಕರ್ ಹಚ್ಚಿ ಒಗ್ಗರಣೆ ಹಾಕುವ ಯೋಚನೆ ಮಾತ್ರ ಬೇಡ. ಹೊಗೆಯ ಗಂಟೆ ಇಡೀ ಮನೆಯನ್ನು ಬೀದಿಗೆ ತರುತ್ತದೆ. ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿ, ನಮ್ಮ ದುಂಡು ಕಡ್ಡಿಯದು ಹೊಂದುವುದಿಲ್ಲ.

ತಿಂಡಿ. ಫುಲ್ ಇಂಗ್ಲಿಷ್ ಎಂದು ಕರೆಯುವ ತಟ್ಟೆಯಲ್ಲಿ ಹಂದಿಮಾಂಸದ ಬೇಕನ್, ಸಾಸೇಜು, ಮೊಟ್ಟೆ, ಟೊಮೇಟೊ ಸಾಸಿನಲ್ಲಿ ಬೇಯಿಸಿದ ಬೀನ್ಸ್ ಕಾಳು, ಸುಟ್ಟ ಟೊಮೇಟೊ, ಅಣಬೆ, ಟೋಸ್ಟು ಇರುತ್ತವೆ. ಯಾರ್ಕ್‌ಷೈರಿನಂಥ ಉತ್ತರದ ಸೀಮೆಯಲ್ಲಿ ಬ್ಲ್ಯಾಕ್ ಪುಡಿಂಗೂ ಬರಬಹುದು. ಹೆಸರು ಕೇಳಿ ಸಿಹಿ ಎಂದುಕೊಳ್ಳಬೇಡಿ, ಅದು ಹಂದಿಯ ರಕ್ತ ಸೇರಿಸಿ ಮಾಡಿದ ಸಾಸೇಜು. ಸಸ್ಯಾಹಾರದ ತಟ್ಟೆ ಈಗ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಸಿಗುತ್ತದೆ. ಆದರೆ ಅವರ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರವೇ. ಬರೀ ವೆಜಿಟೇರಿಯನ್ ಎಂದರೆ ಎರಡು ಮೊಟ್ಟೆ ತಟ್ಟೆಯಲ್ಲಿ ಕೂತಿರುತ್ತವೆ. ವೀಗನ್ ಎಂದರೆ ಹಾಲು, ಬೆಣ್ಣೆಯೂ ಹೋಗುತ್ತದೆ. ಮಾಂಸ, ಮೀನು, ಮೊಟ್ಟೆ ಬೇಡ, ಹಾಲು ಬೆಣ್ಣೆ ಆಗಬಹುದು ಎಂದು ಬಿಡಿಸಿ ಬರೆಯಿರಿ. ಬೇಕನ್ ಹುರಿದ ಬಾಣಲೆಯಲ್ಲೇ ಅಣಬೆ ಹುರಿಯುವುದು ನಿಮಗೆ ಆಗದಿದ್ದರೆ ಅದನ್ನೂ ಸೇರಿಸಿ. ಇಂಥ ಮಾತು ಅವರಿಗೆ ಹೊಸದಲ್ಲ: ಅಲರ್ಜಿ ತರುವ 14 ಪದಾರ್ಥಗಳಲ್ಲಿ ಯಾವುದು ಯಾವ ತಿನಿಸಿನಲ್ಲಿದೆ ಎಂದು ಗಿರಾಕಿಗೆ ತಿಳಿಸುವುದು ಅಲ್ಲಿ ಕಾನೂನು. ಓಟ್ಸ್ ಗಂಜಿ, ಹಣ್ಣು, ಮೊಸರು, ಟೋಸ್ಟಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದೂ ಸುಲಭ.

ತಿಂಡಿಗೆ ಗಡಿಯಾರವಿದೆ. ಎಂಟರಿಂದ ಒಂಬತ್ತು ಎಂದರೆ ಒಂಬತ್ತೂಕಾಲಿಗೆ ಒಲೆ ಆರಿರುತ್ತದೆ. ಬೆಳಗಿನ ಏಳರ ರೈಲು ಹಿಡಿಯಬೇಕೆಂದರೆ ಹಿಂದಿನ ದಿನ ಹೇಳಿ, ಕಟ್ಟಿಕೊಡುವವರೂ ಇದ್ದಾರೆ. ಮೂರೂ ದಿನ ಮುಂಜಾನೆಯೇ ಹೊರಡುವ ಯೋಜನೆಯಿದ್ದರೆ ಬಿ ಅಂಡ್ ಬಿ ನಿಮಗೆ ತಕ್ಕುದಲ್ಲ, ಸುಮ್ಮನೆ ನಿಲ್ದಾಣದ ಬಳಿ ಹೋಟೆಲ್ ಹಿಡಿಯಿರಿ.

ಆ ಅಡುಗೆಮನೆ ಚೊಕ್ಕಟವಾಗಿದೆಯೇ? ಸ್ಥಳೀಯ ಆಡಳಿತದವರು ಪರೀಕ್ಷಿಸಿ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ವೇಲ್ಸ್‌ನಲ್ಲಿ ಈ ಅಂಕವನ್ನು ಬಾಗಿಲಿಗೆ ಅಂಟಿಸಲೇಬೇಕು. ಇಂಗ್ಲೆಂಡಿನಲ್ಲಿ ಆ ಕಡ್ಡಾಯವಿಲ್ಲ. ಹಾಗಾಗಿ ಬಾಗಿಲಲ್ಲಿ ಕಾಣದಿದ್ದರೆ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿಯ ತಾಣದಲ್ಲಿ ಮನೆಯ ಹೆಸರು ಹಾಕಿ ನೋಡಿ. ಅತಿಥಿಗಳ ವಿಮರ್ಶೆಗಿಂತ ನನಗೆ ಇದರ ಮೇಲೆ ಹೆಚ್ಚು ನಂಬಿಕೆ. ವಿಮರ್ಶೆ ಓದುವುದಾದರೆ ಇತ್ತೀಚಿನದನ್ನು ಓದಿ. ಇಂಥ ಮನೆಗಳು ಆಗಾಗ ಕೈ ಬದಲಾಯಿಸುತ್ತವೆ. ಹಳೆಯ ಒಡೆಯರ ಕಾಲದ ಹೊಗಳಿಕೆಯಿಂದ ನಿಮಗೇನೂ ಆಗಬೇಕಾದ್ದಿಲ್ಲ. ಕೋಣೆ ಚಿಕ್ಕದು ಎಂಬ ದೂರನ್ನು ಬಿಟ್ಟುಬಿಡಿ, ಎಲ್ಲ ಕೋಣೆಗಳೂ ಚಿಕ್ಕವೇ. ಮುಗ್ಗುಲು ವಾಸನೆ, ಕುಸಿದ ಹಾಸಿಗೆ, ತಣ್ಣನೆಯ ಕೋಣೆ ಎಂದು ಇಬ್ಬರು ಬರೆದಿದ್ದರೆ ಮುಂದಿನ ಮನೆಗೆ ಹೋಗಿ.

ಈಗ ಬೆಲೆ. ದರ ಕೋಣೆಗೋ ತಲೆಗೋ ಎಂದು ಖಚಿತಪಡಿಸಿಕೊಳ್ಳಿ, ಎರಡೂ ಪದ್ಧತಿ ಇವೆ. ಒಬ್ಬರೇ ಹೋದರೆ ಅರ್ಧ ದರ ಎಂದುಕೊಳ್ಳಬೇಡಿ. ಬುಕಿಂಗ್ ತಾಣಗಳಿಗೆ ಕಮಿಷನ್ ಹೋಗುವುದರಿಂದ ನೇರವಾಗಿ ಫೋನು ಮಾಡಿದವರಿಗೆ ಕೆಲವರು ಕಡಿಮೆ ಮಾಡುತ್ತಾರೆ. ರದ್ದತಿಯ ನಿಯಮವನ್ನು ಎರಡು ಸಲ ಓದಿ. ಆನ್‌ಲೈನ್ ಖರೀದಿಗೆ ಬ್ರಿಟನ್ನಿನ ಕಾನೂನು ಕೊಡುವ 14 ದಿನಗಳ ಹಿಂತೆಗೆತದ ಹಕ್ಕು ತಾರೀಕು ನಿಗದಿಯಾದ ವಸತಿಗೆ ಅನ್ವಯಿಸುವುದಿಲ್ಲ. ಭಾರತದಿಂದ ಹೊರಡುವವರು ವೀಸಾ ಕೈಸೇರುವವರೆಗೆ, ದರ ತುಸು ಹೆಚ್ಚಾದರೂ, ದುಡ್ಡು ಕಳೆದುಕೊಳ್ಳದೆ ರದ್ದುಮಾಡಬಹುದಾದ ಕೋಣೆಯನ್ನೇ ಹಿಡಿಯಲಿ.

ಹೋದ ದಿನ ಹೆಸರು, ರಾಷ್ಟ್ರೀಯತೆ ಕೇಳಿ ಬರೆದುಕೊಳ್ಳುತ್ತಾರೆ. 1972ರ ಆದೇಶವೊಂದರ ಪ್ರಕಾರ ಹದಿನಾರು ವರ್ಷ ದಾಟಿದ ಪ್ರತಿ ಅತಿಥಿಯ ವಿವರ ಇಡಬೇಕು. ಪಾಸ್‌ಪೋರ್ಟ್ ಸಂಖ್ಯೆ, ಮುಂದೆ ಹೋಗುವ ಊರು ಇತ್ಯಾದಿಯನ್ನು ಕಾನೂನು ಕೇಳುವುದು ಕಾಮನ್‌ವೆಲ್ತ್‌ಗೂ ಐರ್ಲೆಂಡಿಗೂ ಸೇರದ ವಿದೇಶಿಯರಿಂದ, ಹಾಗಾಗಿ ಭಾರತೀಯರಿಗೆ ಅದು ಕಡ್ಡಾಯವಲ್ಲ. ಕೇಳಿದರೆ ತೋರಿಸಿ, ಮುನಿಸಿಕೊಳ್ಳುವಂಥದ್ದೇನಿಲ್ಲ. ಟಿಪ್ಸ್ ಕೊಡುವ ರೂಢಿ ಇಲ್ಲ.

ಬರುವ ಹೊತ್ತನ್ನು ಮಾತ್ರ ಮರೆಯದೆ ತಿಳಿಸಿ. ಇಪ್ಪತ್ತನಾಲ್ಕು ಗಂಟೆ ಕೂತಿರುವ ರಿಸೆಪ್ಷನ್ ಇಲ್ಲಿಲ್ಲ. ಮಧ್ಯಾಹ್ನ ಮೂರು, ನಾಲ್ಕರ ಮೊದಲು ಕೋಣೆ ಸಿದ್ಧವಿರುವುದಿಲ್ಲ, ರಾತ್ರಿ ಎಂಟರ ಮೇಲೆ ಮನೆಯವರು ಕಾಯುವುದಿಲ್ಲ. ಬೇಗ ಬಂದರೆ ಪೆಟ್ಟಿಗೆ ಇಟ್ಟು ಊರು ಸುತ್ತಲು ಹೋಗಬಹುದೇ ಎಂದು ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ತಡವಾಗುವಂತಿದ್ದರೆ ಬೀಗದ ಕೈಯನ್ನು ಗುಟ್ಟಿನ ಸಂಖ್ಯೆಯ ಪೆಟ್ಟಿಗೆಯಲ್ಲಿ ಇಟ್ಟು ಸಂಖ್ಯೆ ಕಳಿಸುವವರಿದ್ದಾರೆ, ಆದರೆ ಅವರಿಗೆ ಮೊದಲೇ ಗೊತ್ತಾಗಬೇಕು. ಲಂಡನ್ನಿನಿಂದ ಬರುವ ರೈಲು ನಿಧಾನವಾದರೆ ಯಾರ್ಕ್ ತಲುಪುವ ತನಕ ಕಾಯದೆ ಡಾಂಕಾಸ್ಟರ್ ದಾಟುವಾಗಲೇ ಫೋನು ಮಾಡಿಬಿಡಿ.