ಎಂಗೇಜ್ ಬರುವ ಫೋನು, ನೆಲ ಹಿಡಿದ ಹಸು



ಈ ಸಲ ಹಿಂಡಿ, ಹುಲ್ಲು, ಲಸಿಕೆ ಬಿಟ್ಟು ಫೋನಿನ ವಿಷಯ ಬರೆಯುತ್ತಿದ್ದೇನೆ. ಕಾರಣ ಇದೆ. ಕಳೆದ ಮಳೆಗಾಲದಲ್ಲಿ ನಾಗಮಂಗಲ ಕಡೆಯ ಒಬ್ಬ ತಾಯಿಯ ಹಸು ಕರು ಹಾಕಿದ ಮಾರನೇ ದಿನ ನೆಲ ಹಿಡಿಯಿತು. ಬೆಳಿಗ್ಗೆ ಹತ್ತರಿಂದ ಅವರು ಒಂದು ಕಚೇರಿಯ ಫೋನಿಗೆ ಹನ್ನೊಂದು ಸಲ ಪ್ರಯತ್ನಿಸಿದ್ದರು. "ಬರೀ ಎಂಗೇಜ್ ಡಾಕ್ಟ್ರೇ, ಬೇಕಂತ್ಲೇ ಎತ್ತಿಟ್ಟವ್ರೆ ಅನ್ಕೊಂಡೆ" ಅಂದರು. ನನಗೆ ಸುದ್ದಿ ಮುಟ್ಟಿದ್ದು ಮಧ್ಯಾಹ್ನ. ಅಷ್ಟರಲ್ಲಿ ಯಾರೋ ಹಸುವಿನ ಬಾಯಿಗೆ ಬೆಲ್ಲದ ನೀರು ಹೊಯ್ದಿದ್ದರು. ಕ್ಯಾಲ್ಸಿಯಂ ಕೊಟ್ಟಮೇಲೆ ಹಸು ಎದ್ದು ನಿಂತಿತು. ಆದರೆ ನೀರು ಶ್ವಾಸಕೋಶಕ್ಕೆ ಇಳಿದಿತ್ತು. ನಾಲ್ಕನೇ ದಿನ ಉಳಿಯಲಿಲ್ಲ.

ರಿಸೀವರ್ ಯಾರೂ ಎತ್ತಿಟ್ಟಿರಲಿಲ್ಲ. ಹಳೆಯ ಕಚೇರಿಗಳಲ್ಲಿ ಮೇಜಿಗೊಂದು ಫೋನ್ ಕಂಡರೂ ಹೊರಗಿನಿಂದ ಬರುವ ಲೈನು ಎರಡೋ ಮೂರೋ ಇರುತ್ತದೆ. ಒಂದು ಜೋಡಿ ತಾಮ್ರದ ತಂತಿಯಲ್ಲಿ ಒಂದು ಹೊತ್ತಿಗೆ ಒಂದೇ ಮಾತುಕತೆ. ಮೂರು ಜನ ಮಾತಾಡುತ್ತಿದ್ದರೆ ನಾಲ್ಕನೆಯವರಿಗೆ ಎಂಗೇಜ್. ಮಳೆ ಬಂದು ತಂತಿಯ ಜಾಯಿಂಟಿಗೆ ನೀರು ಸೇರಿದರಂತೂ ಬರೀ ಗೊರಗೊರ ಸದ್ದು.

ಇದಕ್ಕೆ ಪರಿಹಾರವೇ ಡಿಜಿಟಲ್ ಟ್ರಂಕ್ ಲೈನು. ಪಿ.ಆರ್.ಐ. ಎನ್ನುವ ಅಂಥ ಒಂದು ಲೈನಿನಲ್ಲಿ ಒಟ್ಟಿಗೆ 30 ಜನ ಮಾತಾಡಬಹುದು. ಹೇಗೆ ಅಂತೀರಾ? ನಮ್ಮ ಹಾಲಿನ ರೂಟ್ ಲಾರಿ ನೆನೆಸಿಕೊಳ್ಳಿ. ಊರಿಗೊಂದು ಲಾರಿ ಬೇಕಿಲ್ಲ. ಕ್ಯಾನಿನ ಮೇಲೆ ಸಂಘದ ನಂಬರ್ ಇದ್ದರೆ ಎಲ್ಲವೂ ಒಂದೇ ಲಾರಿಯಲ್ಲಿ ಬಂದರೂ ಲೆಕ್ಕ ತಪ್ಪುವುದಿಲ್ಲ. ಹಾಗೆಯೇ ಪ್ರತಿಯೊಬ್ಬರ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಅಂಕಿಗಳಾಗಿ ಮಾಡಿ, ಸರದಿ ಪ್ರಕಾರ ಕಳಿಸುತ್ತಾರೆ. ಆ ಕಡೆ ಮತ್ತೆ ಬೇರ್ಪಡಿಸುತ್ತಾರೆ. ಈಗ ಇದೇ ಕೆಲಸವನ್ನು ಇಂಟರ್‌ನೆಟ್ ಕೇಬಲ್ ಮೇಲೂ ಮಾಡುತ್ತಾರೆ.

ಇದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ರೂಪಿಸಿದ 128 ಲೈನಿನ ಡಿಜಿಟಲ್ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಎ.ಸಿ. ಇಲ್ಲದೆ ಸೆಕೆ, ದೂಳು ತಡೆದುಕೊಳ್ಳುವ ಹಾಗೆ ಮಾಡಿದ್ದರು.

ಎರಡು ಮಾತು ಮರೆಯಬಾರದು. 30 ಲೈನಿದ್ದು ಎತ್ತುವವರು ಇಬ್ಬರೇ ಇದ್ದರೆ ಎಂಗೇಜ್ ಬದಲು ರಿಂಗ್ ಆಗುತ್ತದೆ, ಅಷ್ಟೆ. ಇನ್ನೊಂದು, ಆ ಒಂದು ಲೈನು ಕಡಿದರೆ ಮೂವತ್ತೂ ಒಟ್ಟಿಗೆ ಹೋಗುತ್ತವೆ. ಕರೆಂಟ್ ಹೋದರೂ ಅಷ್ಟೆ. ಆದ್ದರಿಂದ ಯು.ಪಿ.ಎಸ್. ಇರಬೇಕು, ಹಳೆಯ ತಂತಿಯ ಲೈನು ಒಂದಾದರೂ ಉಳಿದಿರಬೇಕು ಎನ್ನುವುದು ನನ್ನ ಅಭಿಪ್ರಾಯ. ಮಹಾಸಭೆಯಲ್ಲಿ ಫೋನಿನ ಖರ್ಚಿನ ಮಾತು ಬಂದಾಗ ನೀವೂ ಇದನ್ನು ಕೇಳಿ. "ಹೆಂಗಸರಿಗೆ ಯಾಕೆ ಇದೆಲ್ಲ" ಅಂದವರಿಗೆ ಹಸು ಕಟ್ಟುವವರು ಯಾರು ಅಂತ ಕೇಳಿ.

ನಿಮ್ಮ ಕೈಲಿರುವುದು ಇಷ್ಟು. ಎಂಗೇಜ್ ಬಂದರೆ ಎರಡು ಸಲಕ್ಕಿಂತ ಹೆಚ್ಚು ಕಾಯಬೇಡಿ. ಸಂಘದ ಕಾರ್ಯದರ್ಶಿಗೆ ಹೇಳಿ, 1962ಕ್ಕೆ ಮಾಡಿ, ಅದಕ್ಕೆ ದುಡ್ಡಿಲ್ಲ. ಮೊಬೈಲಿನಿಂದ ಕಚೇರಿ ನಂಬರಿಗೆ ಮಾಡುವಾಗ ಕೋಡ್ ಸೇರಿಸಿ: ಶ್ರೀರಂಗಪಟ್ಟಣ, ಪಾಂಡವಪುರಕ್ಕೆ 08236, ಕೆ.ಆರ್.ಪೇಟೆಗೆ 08230, ನಾಗಮಂಗಲಕ್ಕೆ 08234. ಡಿಜಿಟಲ್ ಲೈನಿನಲ್ಲಿ ನಿಮ್ಮ ನಂಬರ್ ಕರೆಯ ಜೊತೆಗೇ ಬರುವುದರಿಂದ ಅವರೇ ವಾಪಸ್ ಮಾಡಬಹುದು. ಪಕ್ಕದ ಮನೆಯ ಫೋನಿನಿಂದ ಮಾಡಿದ್ದರೆ ಹಸುವಿನ ಹತ್ತಿರ ಇರುವವರ ನಂಬರ್ ಹೇಳಿ. ಊರು, ತಾಲ್ಲೂಕು, ಕರು ಹಾಕಿ ಎಷ್ಟು ದಿನ, ಹಸು ಎದ್ದು ನಿಲ್ಲುತ್ತದೆಯೇ — ಇವನ್ನು ಮೊದಲೇ ಹೇಳಿಬಿಡಿ.

ಕರು ಹಾಕಿದ ಮೂರು ದಿನದೊಳಗೆ ಹಸು ಮಲಗಿ, ಕಿವಿ ತಣ್ಣಗಾಗಿ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡರೆ ಅದು ಹಾಲು ಜ್ವರ ಇರಬಹುದು. ಡಾಕ್ಟರ್ ಬರುವ ತನಕ ಹುಲ್ಲಿನ ಹೊರೆ ಒತ್ತುಕೊಟ್ಟು ಎದೆಯ ಮೇಲೆ ಕೂರಿಸಿ, ಅಡ್ಡ ಮಲಗಲು ಬಿಡಬೇಡಿ. ಬಾಯಿಗೆ ಏನನ್ನೂ ಹೊಯ್ಯಬೇಡಿ, ಬೆಲ್ಲದ ನೀರನ್ನೂ.