ಹಳೆಯ ನೌಕಾಯಂತ್ರದ ಜೀರ್ಣೋದ್ಧಾರ

ಪುಣೆಯಲ್ಲಿ ವಾಸಿಸುವ ನಮಗೆ ಕಡಲು ದೂರ. ಡೀಸಲ್ ಯಂತ್ರವು ಮಾತ್ರ ದೂರದ್ದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಆರಂಭಿಸಿದ ಉದ್ಯಮವು ಬೆಳೆದು, 1946ರಲ್ಲಿ ನಮ್ಮ ನಗರದಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ಹೊಲದ ಪಂಪನ್ನು ನಡೆಸುವ ಡೀಸಲ್ ಯಂತ್ರಕ್ಕೂ, ಕಾರವಾರ, ಮಲ್ಪೆ, ಮಂಗಳೂರುಗಳಿಂದ ಹೊರಡುವ ಮೀನುಗಾರರ ದೋಣಿಯ ಯಂತ್ರಕ್ಕೂ ಮೂಲತತ್ತ್ವವೊಂದೇ. ಆದರೆ ಹೊಲದಲ್ಲಿ ಯಂತ್ರ ನಿಂತರೆ ನೀರು ನಿಲ್ಲುತ್ತದೆ. ನಡುಗಡಲಿನಲ್ಲಿ ನಿಂತರೆ ದೋಣಿಯಲ್ಲಿರುವವರ ಪ್ರಾಣಕ್ಕೇ ಅಪಾಯ. ಆದುದರಿಂದ ಹಳೆಯ ನೌಕಾಯಂತ್ರವನ್ನು ಬಿಚ್ಚಿ ಮರಳಿ ಕಟ್ಟುವಾಗ ಯಾವ ಭಾಗವನ್ನು ಬದಲಿಸಬೇಕು, ಯಾವುದನ್ನು ಉಳಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಜರ್ಮನಿಯ ರುಡಾಲ್ಫ್ ಡೀಸಲ್ 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಯಂತ್ರದಲ್ಲಿ ಕಿಡಿ ಹೊತ್ತಿಸುವ ಸಾಧನವಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ಸುಮಾರು ಹದಿನಾರರಲ್ಲಿ ಒಂದು ಪಾಲಿನಷ್ಟು ಗಾತ್ರಕ್ಕೆ ಅದುಮುತ್ತದೆ. ಆಗ ಗಾಳಿಯು 500 ಡಿಗ್ರಿ ಸೆಂಟಿಗ್ರೇಡನ್ನೂ ಮೀರಿ ಕಾಯುತ್ತದೆ. ಅದರೊಳಗೆ ಎರಚಿದ ತೈಲವು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪಿಸ್ಟನ್ನಿನ ಸುತ್ತಲಿನ ಉಂಗುರಗಳು ಸವೆದು ಗಾಳಿ ಸೋರಿದರೆ ಸಾಕಷ್ಟು ಕಾವು ಹುಟ್ಟದು. ಯಂತ್ರವು ಹೊರಡಲು ತಡಮಾಡುವುದು, ಹೊಗೆಯುಗುಳುವುದು, ಇವೇ ಸವೆತದ ಮೊದಲ ಸೂಚನೆಗಳು.

ಸಿಲಿಂಡರಿನ ಒಳಗೋಡೆಯು ಎಲ್ಲೆಡೆಯೂ ಸಮನಾಗಿ ಸವೆಯುವುದಿಲ್ಲ. ಪಿಸ್ಟನ್ನು ಮೇಲ್ತುದಿಯನ್ನು ಮುಟ್ಟಿ ದಿಕ್ಕು ಬದಲಿಸುವ ಕ್ಷಣದಲ್ಲಿ ಕಾವೂ ಒತ್ತಡವೂ ಅತ್ಯಧಿಕ. ಎಣ್ಣೆಯ ಪೊರೆಯಾದರೋ ಅತಿ ತೆಳು. ಆದ್ದರಿಂದ ಸವೆತವು ಅಲ್ಲಿಯೇ ಹೆಚ್ಚು. ಕುಶಲನಾದ ಕಾರ್ಮಿಕನು ಗೋಡೆಯ ವ್ಯಾಸವನ್ನು ಮೇಲೆ, ನಡುವೆ, ಕೆಳಗೆ, ಪ್ರತಿಯೊಂದು ಎಡೆಯಲ್ಲಿಯೂ ಪರಸ್ಪರ ಲಂಬವಾದ ಎರಡು ದಿಕ್ಕುಗಳಲ್ಲಿ ಅಳೆಯುತ್ತಾನೆ. ತಯಾರಕರು ಕೈಪಿಡಿಯಲ್ಲಿ ಕೊಟ್ಟ ಮಿತಿಯನ್ನು ಸವೆತವು ದಾಟಿದ್ದರೆ, ಲೈನರ್ ಎಂಬ ಒಳಕೊಳವೆಯನ್ನೇ ಬದಲಿಸಬೇಕು. ಅಂಡಾಕಾರವಾಗಿ ಸವೆದ ಗೋಡೆಗೆ ಹೊಸ ಉಂಗುರವನ್ನು ಹಾಕಿದರೆ ಅದು ಸರಿಯಾಗಿ ಕೂಡಿಕೊಳ್ಳದು.

ಇನ್ನು ಕೆಲವು ಭಾಗಗಳು ಸವೆಯುವುದಕ್ಕಾಗಿಯೇ ಹುಟ್ಟಿದವು. ಕ್ರ್ಯಾಂಕ್ ದಂಡವು ಗಟ್ಟಿ ಉಕ್ಕಿನದು, ಬೆಲೆಬಾಳುವಂಥದು. ಅದನ್ನು ಹೊರುವ ಬೇರಿಂಗಿನ ಒಳಮೈಯನ್ನು ಮೆದು ಲೋಹದಿಂದ ಮಾಡಿರುತ್ತಾರೆ. ಅದು ತಾನು ಸವೆದು ದಂಡವನ್ನು ಕಾಯುತ್ತದೆ. ದಂಡವೂ ಸವೆದಿದ್ದರೆ ಅದನ್ನು 0.25 ಮಿಲಿಮೀಟರಿನಷ್ಟು ಕಿರಿದಾಗಿ ಸಾಣೆಹಿಡಿದು, ಅದಕ್ಕೆ ತಕ್ಕ ದಪ್ಪ ಬೇರಿಂಗನ್ನು ಜೋಡಿಸಿ ಮರಳಿ ಬಳಸುವುದುಂಟು. ಕಡಲನೀರಿನಿಂದ ತಂಪುಮಾಡುವ ಭಾಗದಲ್ಲಿ ಸತುವಿನ ಸಣ್ಣ ಕಡ್ಡಿಯೊಂದಿರುತ್ತದೆ. ಉಪ್ಪುನೀರಿನಲ್ಲಿ ಆ ಸತುವು ಮೊದಲು ಕರಗಿ ಉಳಿದ ಲೋಹಗಳನ್ನು ರಕ್ಷಿಸುತ್ತದೆ. ಕರಗಿದ ಕಡ್ಡಿಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಮುಂದಿನ ಸರದಿ ಆ ಲೋಹಗಳದೇ.

ಕಣ್ಣಿಗೆ ಹೊಸದಾಗಿ ಕಂಡರೂ ನಂಬಬಾರದ ಭಾಗಗಳೂ ಇವೆ. ನಿಮಿಷಕ್ಕೆ 1500 ಸುತ್ತು ತಿರುಗುವ ಯಂತ್ರವು ಸಾವಿರ ಗಂಟೆಗಳಲ್ಲಿ ಒಂಬತ್ತು ಕೋಟಿ ಸುತ್ತು ತಿರುಗುತ್ತದೆ. ಅಷ್ಟು ಕಾಲ ಜಗ್ಗಾಟವನ್ನು ತಾಳಿದ ಪಿಸ್ಟನ್ ದಂಡದ ಬೋಲ್ಟುಗಳು ಒಳಗೊಳಗೇ ದಣಿದಿರುತ್ತವೆ. ಒಂದು ಬೋಲ್ಟು ಮುರಿದರೆ ದಂಡವು ಯಂತ್ರದ ಗೋಡೆಯನ್ನೇ ಒಡೆದೀತು. ಆದ್ದರಿಂದ ಜೀರ್ಣೋದ್ಧಾರದ ವೇಳೆ ಅವುಗಳನ್ನು ಬದಲಿಸುವುದೇ ಲೇಸು. ಒಮ್ಮೆ ಅದುಮಿದ ಗ್ಯಾಸ್ಕೆಟ್ಟು, ರಬ್ಬರಿನ ಉಂಗುರಗಳಿಗೂ ಇದೇ ನಿಯಮ. ಇದಕ್ಕೆ ವಿರುದ್ಧವಾಗಿ, ಮಸಿ ಮೆತ್ತಿ ಕುರೂಪವಾದ ಎರಕದ ಕಬ್ಬಿಣದ ಒಡಲು, ಬಿರುಕಿಲ್ಲದೆ ಅಳತೆಯಲ್ಲಿದ್ದರೆ, ಇನ್ನೂ ಬಹುಕಾಲ ಬಾಳೀತು.

ಹೀಗೆ ಉಳಿಸುವುದಕ್ಕೂ ತೆಗೆಯುವುದಕ್ಕೂ ಅಳತೆಯೇ ಆಧಾರ. ನಮ್ಮ ಪ್ರಯೋಗಶಾಲೆಯ ಸ್ಕ್ರೂ ಗೇಜು 0.01 ಮಿಲಿಮೀಟರನ್ನು ತೋರಿಸುತ್ತದೆ. ನಮ್ಮ ತಲೆಗೂದಲು ಅಂಥ ಏಳೆಂಟು ಅಂಶಗಳಷ್ಟು ದಪ್ಪವಿದ್ದೀತು. ಕ್ರ್ಯಾಂಕ್ ದಂಡವನ್ನು ಅಳೆಯುವ ಮೈಕ್ರೊಮೀಟರು ಅದೇ ಉಪಕರಣದ ಹಿರಿಯಣ್ಣ. ಸೊನ್ನೆಯ ದೋಷವನ್ನು ಕಳೆಯಲು ಮರೆತರೆ ತರಗತಿಯಲ್ಲಿ ನಾವು ಒಂದು ಅಂಕವನ್ನು ಕಳೆದುಕೊಳ್ಳುತ್ತೇವೆ. ಅದೇ ಮರೆವು ಕಾರ್ಖಾನೆಯಲ್ಲಿ ನಡೆದರೆ, ಆ ತಪ್ಪು ಯಂತ್ರದೊಡನೆ ಕಡಲಿಗೇ ಹೋಗುತ್ತದೆ.