ಕಬ್ಬಿನ ಟ್ರೇಲರ್ ಎಲ್ಲಿ ನಿಲ್ಲಬೇಕು?

ಕಟಾವಿನ ಹಂಗಾಮು ಶುರುವಾದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಸೀಮೆಯಲ್ಲಿ ರಾತ್ರಿ ಬೈಕ್ ಓಡಿಸುವವರು ಹೆದರುವುದು ಓಡುವ ಟ್ರ್ಯಾಕ್ಟರಿಗಲ್ಲ, ನಿಂತ ಟ್ರೇಲರಿಗೆ. ಹಿಂದೆ ದೀಪವಿರುವುದಿಲ್ಲ. ರಿಫ್ಲೆಕ್ಟರ್ ಇದ್ದರೂ ಕೆಸರು ಮೆತ್ತಿರುತ್ತದೆ, ಇಲ್ಲವೇ ಜೋತುಬಿದ್ದ ಕಬ್ಬು ಅದನ್ನು ಮುಚ್ಚಿರುತ್ತದೆ. ಎದುರು ಬರುವ ಲಾರಿಯ ಬೆಳಕು ಕಣ್ಣಿಗೆ ಹೊಡೆದರಂತೂ ಮುಂದಿರುವ ಹೇರು ಕಾಣುವುದೇ ಇಲ್ಲ.

'ನಮ್ಮ ಹೊಲದ ಮುಂದೆ ತಾನೇ ನಿಲ್ಲಿಸಿದ್ದು' ಎನ್ನುವ ಮಾತು ಕಾನೂನಿನ ಮುಂದೆ ನಡೆಯದು. ಇತರರಿಗೆ ಅಪಾಯ, ಅಡಚಣೆ ಆಗುವಂತೆ ವಾಹನವನ್ನು ಸಾರ್ವಜನಿಕ ಜಾಗದಲ್ಲಿ ಬಿಡಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್. ಅಲ್ಲಿ ಟ್ರೇಲರಿನ ಹೆಸರೂ ಇದೆ. ಹಾಗಾಗಿ ಕೊಂಡಿ ಕಳಚಿ ಇಂಜಿನ್ ಮನೆಗೆ ಒಯ್ದರೂ ಹೊಣೆ ತಪ್ಪುವುದಿಲ್ಲ. 2017ರ ಚಾಲನಾ ನಿಯಮಗಳಂತೆ ಮುಖ್ಯ ರಸ್ತೆಯಲ್ಲಿ, ಕೂಡುರಸ್ತೆಯಿಂದ 50 ಮೀಟರ್ ಒಳಗೆ, ಬಸ್ ನಿಲ್ದಾಣದ ಬಳಿ, ಶಾಲೆ ಆಸ್ಪತ್ರೆಗಳ ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ಹತ್ತು ಗಂಟೆಗೂ ಹೆಚ್ಚು ಕಾಲ ದಿಕ್ಕಿಲ್ಲದೆ ಬಿಟ್ಟ ವಾಹನವನ್ನು ಪೊಲೀಸರು ಎಳೆಸಬಹುದು, ಖರ್ಚು ಮಾಲೀಕರದ್ದೇ. ಸಂಚಾರಕ್ಕೆ ಅಡ್ಡಿ ಮಾಡಿದ್ದಕ್ಕೆ ದಂಡ 500 ರೂಪಾಯಿ. ಅದೇನು ಮಹಾ ಎನ್ನಬೇಡಿ. ಯಾರಾದರೂ ಬಂದು ಗುದ್ದಿ ಪ್ರಾಣ ಹೋದರೆ ನಿರ್ಲಕ್ಷ್ಯದ ಸಾವೆಂದು ಮೊಕದ್ದಮೆ ಬೀಳಬಹುದು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಐದು ವರ್ಷದವರೆಗೆ ಜೈಲಿದೆ. ನಿಮ್ಮ ವಿಮೆ ಟ್ರೇಲರಿಗೂ ಅನ್ವಯಿಸುತ್ತದೆಯೇ ಎಂದು ಪಾಲಿಸಿಯನ್ನು ಇಂದೇ ತೆಗೆದು ನೋಡಿ.

ರೈತರ ಕಷ್ಟವೂ ಸುಳ್ಳಲ್ಲ. ಎರೆ ಭೂಮಿಯಲ್ಲಿ ತುಸು ತೇವವಿದ್ದರೂ ಹೇರು ತುಂಬಿದ ಗಾಲಿ ಹೂತುಹೋಗುತ್ತದೆ. ಅದಕ್ಕೇ ಎಲ್ಲರೂ ಡಾಂಬರನ್ನೇ ನೆಚ್ಚುತ್ತಾರೆ. ಇದಕ್ಕೆ ಪರಿಹಾರ ಕಟಾವಿನ ದಿನ ಸಿಗದು, ಮೊದಲೇ ಮಾಡಿಕೊಳ್ಳಬೇಕು. ರಸ್ತೆಗೆ ತಾಗಿದ ಬದುವಿನ ಒಳಗೆ ಒಂದು ಟ್ರೇಲರ್ ನಿಲ್ಲುವಷ್ಟು ಜಾಗ ಬಿಟ್ಟು, ಗಟ್ಟಿ ಗರಸು ಹಾಕಿಸಿ. ಚರಂಡಿ ಅಡ್ಡವಿದ್ದರೆ ಪಂಚಾಯಿತಿಗೆ ತಿಳಿಸಿ ಪೈಪು ಇಡಿಸಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿದರೆ ಒಂದೇ ಜಾಗ ಎಲ್ಲರಿಗೂ ಸಾಕು. ಕೊನೆಯ ಹೇರು ಕತ್ತಲಾಗುವ ಮೊದಲು ಹೊರಡುವಂತೆ ಕಟಾವು ಗ್ಯಾಂಗಿನ ಮೇಸ್ತ್ರಿಯೊಡನೆ ಮಾತಾಡಿಕೊಳ್ಳುವುದೂ ಇದರಷ್ಟೇ ಮುಖ್ಯ.

ದಾರಿಯಲ್ಲಿ ಟೈರ್ ಒಡೆದರೆ ಆದಷ್ಟು ಎಡಕ್ಕೆ ತನ್ನಿ. ತಿರುವು, ದಿಬ್ಬದ ನೆತ್ತಿ, ಸೇತುವೆಯ ಮೇಲೆ ಮಾತ್ರ ಬೇಡ. ಐವತ್ತು ಹೆಜ್ಜೆ ಹಿಂದೆ ಕೆಂಪು ತ್ರಿಕೋನ ಇಡಿ, ಒಬ್ಬರು ಟಾರ್ಚ್ ಹಿಡಿದು ಅಲ್ಲೇ ಇರಲಿ. ಸೊಪ್ಪಿನ ಕೊಂಬೆ ಹಗಲಿಗೆ ಸರಿ, ರಾತ್ರಿ ಕಾಣುವುದಿಲ್ಲ. ಗಾಲಿಗೆ ಅಡ್ಡ ಕೊಟ್ಟ ಕಲ್ಲನ್ನು ಹೊರಡುವಾಗ ಹೊಲದೊಳಕ್ಕೆ ಎಸೆಯಿರಿ. ಟ್ರ್ಯಾಕ್ಟರ್ ಹೋದ ಮೇಲೂ ರಸ್ತೆಯಲ್ಲೇ ಉಳಿದ ಕಲ್ಲಿಗೆ ಬೈಕ್ ಹಾರಿ ಬಿದ್ದವರು ಪ್ರತಿ ಹೋಬಳಿಯಲ್ಲೂ ಸಿಗುತ್ತಾರೆ.